ಸುಳಿ ನೋಡುವವರು, ತೂಕ ನೋಡುವವರು

ಹೋರಿ ಕೊಳ್ಳುವವನು ಮೊದಲು ಏನನ್ನು ನೋಡುತ್ತಾನೆ? ನಮ್ಮ ಕಡೆಯ ದನದ ಸಂತೆಗಳಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿದೆ: ಹಲ್ಲು, ಕೊಂಬು, ಗೊರಸು, ಆಮೇಲೆ ಸುಳಿ. ಮೈಮೇಲಿನ ಸುಳಿ ಇರಬಾರದ ಜಾಗದಲ್ಲಿದ್ದರೆ ಕೊಂಡವನ ಮನೆಗೆ ಕೇಡು ಎಂಬುದು ನಂಬಿಕೆ. ನನ್ನ ತಂದೆ ದನದ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವರು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವಾಗ ಅವರ ಮುಖ ನೋಡಿ ಏನನ್ನೂ ಊಹಿಸುವಂತಿರಲಿಲ್ಲ. ಸುಳಿಯನ್ನು ಅವರು ನಂಬುತ್ತಿರಲಿಲ್ಲ. ಆದರೆ ಕೊಳ್ಳುವವರು ನಂಬುತ್ತಾರಲ್ಲ! ಎದೆ, ಬೆನ್ನು, ನಡಿಗೆ ಎಲ್ಲವೂ ಚೆನ್ನಾಗಿದ್ದ ಹೋರಿಯೊಂದು ಬರೀ ಸುಳಿಯ ಕಾರಣಕ್ಕೆ ಅರ್ಧ ಬೆಲೆಗೆ ಹೋದದ್ದನ್ನು ಕಂಡಿದ್ದೇನೆ. ಅದನ್ನು ಸಾಕಿದ ರೈತ ಹಗ್ಗವನ್ನು ಇನ್ನೊಬ್ಬನ ಕೈಗೆ ಕೊಟ್ಟು ತಿರುಗಿ ನೋಡದೆ ಹೋದ.

ಮುಂದೆ ಪಶುವೈದ್ಯಕೀಯ ಓದುವಾಗ ಈ ಮರುಳು ನಮ್ಮೊಬ್ಬರದೇ ಅಲ್ಲವೆಂದು ತಿಳಿಯಿತು. 1940ರ ದಶಕದಲ್ಲಿ ಅಮೆರಿಕದ ಜಾನುವಾರು ಪ್ರದರ್ಶನಗಳಲ್ಲಿ ಗಿಡ್ಡ ಕಾಲಿನ, ಗುಂಡು ಮೈಯ ಹೋರಿಗಳಿಗೇ ಬಹುಮಾನ. ಹೆರ್‌ಫರ್ಡ್, ಆಂಗಸ್‌ನಂಥ ಮಾಂಸದ ತಳಿಗಳವರು ಅಂಥ ಹೋರಿಗಳನ್ನೇ ಹುಡುಕಿ ಹಸುಗಳಿಗೆ ಬಿಟ್ಟರು. ಅವುಗಳಲ್ಲಿ ಕೆಲವು ಕುಬ್ಜತನದ ವಂಶವಾಹಿಯನ್ನು ಹೊತ್ತಿದ್ದವು. ಅಂಥ ಹೋರಿಯೂ ಅಂಥದೇ ಹಸುವೂ ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಕರು ಕುಳ್ಳಾಗಿ, ಉಬ್ಬಿದ ಹಣೆಯೊಂದಿಗೆ, ಗೊರಗೊರ ಉಸಿರೆಳೆಯುತ್ತ ಬೆಳೆಯುತ್ತಿತ್ತು. 1950ರ ದಶಕದಲ್ಲಿ ಹೆಸರಾಂತ ವಂಶಾವಳಿಗಳೇ ಸಂಶಯಕ್ಕೊಳಗಾದವು. ಬಹುಮಾನ ಕೊಟ್ಟ ತೀರ್ಪುಗಾರರಿಗೆ ನಷ್ಟವೇನೂ ಆಗಲಿಲ್ಲ, ಅದು ಬೇರೆ ಮಾತು.

ತೂಕದ ದಾರಿ ಅಷ್ಟರಲ್ಲೇ ತೆರೆದಿತ್ತು. ಮೊಂಟಾನಾದ ಮೈಲ್ಸ್ ಸಿಟಿಯ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲೇ ಹೋರಿಗಳ ಬೆಳವಣಿಗೆಯನ್ನು ದಾಖಲಿಸುತ್ತಿದ್ದರು. 1941ರಲ್ಲಿ ಟೆಕ್ಸಾಸ್‌ನ ಬಾಲ್ಮೋರಿಯಾದಲ್ಲಿ ಹಲವು ಸಾಕಣೆದಾರರ ಹೋರಿಗರುಗಳನ್ನು ಒಂದೇ ಕಡೆ ಕೂಡಿಸಿ ಪರೀಕ್ಷಿಸುವ ಕೇಂದ್ರ ಆರಂಭವಾಯಿತು.

ಈ ಪರೀಕ್ಷೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ನ್ಯಾಯ. ಉಳ್ಳವನ ಕರು ಹೊಟ್ಟೆ ತುಂಬ ತಿಂದು ಬಂದಿರುತ್ತದೆ, ಇಲ್ಲದವನ ಕರು ಒಣಹುಲ್ಲಿನಲ್ಲಿ ಬೆಳೆದಿರುತ್ತದೆ. ಆದ್ದರಿಂದ ಹಾಲು ಬಿಟ್ಟ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಕರುಗಳನ್ನು ತಂದು, ಮೊದಲ ಮೂರು ವಾರ ಲೆಕ್ಕಕ್ಕೇ ಹಿಡಿಯದೆ ಒಂದೇ ಮೇವಿಗೆ ಒಗ್ಗಿಸುತ್ತಾರೆ. ಆಮೇಲೆ ಪರೀಕ್ಷೆ, ಹಿಂದೆ 140 ದಿನ ಇದ್ದದ್ದು ಅನೇಕ ಕಡೆ 112ಕ್ಕೆ ಇಳಿಯಿತು. ಆರಂಭದಲ್ಲೂ ಕೊನೆಯಲ್ಲೂ ಎರಡೆರಡು ದಿನ ತೂಗಿ ಸರಾಸರಿ ಹಿಡಿಯುತ್ತಾರೆ. ಇಪ್ಪತ್ತು ಲೀಟರ್ ನೀರು ಕುಡಿದ ಹೋರಿ ಇಪ್ಪತ್ತು ಕಿಲೋ ಹೆಚ್ಚು ತೂಗುತ್ತದಲ್ಲವೆ? ಸಂತೆಗೆ ಮೊದಲು ಉಪ್ಪು ತಿನ್ನಿಸಿ ನೀರು ಕುಡಿಸುವ ನಮ್ಮ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಂದ ಅಂಕವನ್ನು ಆ ಗುಂಪಿನೊಳಗೇ ಹೋಲಿಸುತ್ತಾರೆ.

ಆದರೆ ತೂಕಕ್ಕೂ ಅದರದೇ ಮರುಳಿದೆ. ಬೇಗ ಬೆಳೆಯುವ ಹೋರಿಯನ್ನೇ ಆರಿಸುತ್ತ ಹೋದರೆ ಅದರ ಹೆಣ್ಣು ಸಂತಾನವೂ ದೊಡ್ಡದಾಗುತ್ತದೆ. ಆ ದೊಡ್ಡ ಹಸು ವರ್ಷವಿಡೀ ಹೆಚ್ಚು ತಿನ್ನುತ್ತದೆ. ಒಂದು ಕಿಲೋ ಬೆಳೆಯಲು ಎಷ್ಟು ಮೇವು ಬೇಕೆಂಬ ಲೆಕ್ಕವೂ ಬೇಗ ಬೆಳೆಯುವವುಗಳ ಕಡೆಗೇ ವಾಲುತ್ತದೆ. 1963ರಲ್ಲಿ ರಾಬರ್ಟ್ ಕೋಚ್ ಮತ್ತು ಸಂಗಡಿಗರು ಬೇರೆ ಲೆಕ್ಕ ಮುಂದಿಟ್ಟರು. ಇಷ್ಟು ತೂಕದ, ಇಷ್ಟು ಬೆಳೆಯುವ ಹೋರಿ ಇಷ್ಟು ತಿನ್ನಬೇಕೆಂದು ಮೊದಲು ಅಂದಾಜಿಸಬೇಕು. ನಿಜವಾಗಿ ತಿಂದದ್ದರಿಂದ ಅದನ್ನು ಕಳೆಯಬೇಕು. ಉತ್ತರ ಮೈನಸ್ ಬಂದರೆ ಆ ಹೋರಿ ಮಿತವ್ಯಯಿ. ಇದಕ್ಕಾಗಿ ಪ್ರತಿ ಹೋರಿಯ ಮೇವನ್ನೂ ಬೇರೆಬೇರೆಯಾಗಿ ಅಳೆಯಬೇಕು. ಈಗ ಕಿವಿಯ ಎಲೆಕ್ಟ್ರಾನಿಕ್ ಬಿಲ್ಲೆಯನ್ನು ಗುರುತಿಸುವ ಗೋದಲಿಗಳು ಆ ಕೆಲಸ ಮಾಡುತ್ತವೆ.

ಆಸ್ಟ್ರೇಲಿಯಾದ ಟ್ರಾಂಗಿ ಕೇಂದ್ರದಲ್ಲಿ 1990ರ ದಶಕದಲ್ಲಿ ಈ ಲೆಕ್ಕದ ಮೇಲೆಯೇ ಎರಡು ಹಿಂಡು ಬೆಳೆಸಿದರು. ಐದು ವರ್ಷಗಳ ಆಯ್ಕೆಯ ನಂತರ ಎರಡೂ ಹಿಂಡುಗಳ ಕರುಗಳ ತೂಕ ಹೆಚ್ಚುಕಡಿಮೆ ಒಂದೇ, ಬೆಳವಣಿಗೆಯೂ ಒಂದೇ. ಮಿತವ್ಯಯಿ ಹಿಂಡಿನವು ಮಾತ್ರ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ಮೇವು ಉಳಿಸಿದವು. ಪಕ್ಕಪಕ್ಕ ನಿಲ್ಲಿಸಿದರೆ ಯಾವ ಕಣ್ಣಿಗೂ ಕಾಣದ ವ್ಯತ್ಯಾಸವಿದು.

ಪರೀಕ್ಷೆ ಮುಗಿದರೂ ಪಶುವೈದ್ಯನ ಕೆಲಸ ಬಾಕಿ ಇರುತ್ತದೆ. ವೃಷಣದ ಸುತ್ತಳತೆ, ವೀರ್ಯದ ಗುಣ, ಕಾಲು, ಗೊರಸು ಎಲ್ಲವನ್ನೂ ನೋಡಬೇಕು. ಒಂದು ವರ್ಷ ದಾಟಿದ ಹೋರಿಗೆ ಸುತ್ತಳತೆ 30 ಸೆಂಟಿಮೀಟರ್ ಆದರೂ ಬೇಕು. ಇಲ್ಲವಾದರೆ ತೂಕದಲ್ಲಿ ಮೊದಲ ಸ್ಥಾನ ಪಡೆದದ್ದೂ ಬೀಜದ ಹೋರಿಯಾಗಿ ಮಾರಾಟಕ್ಕೆ ಹೋಗದೆ ಕಸಾಯಿಖಾನೆಯ ಲಾರಿ ಹತ್ತುತ್ತದೆ.