ಕರಿ ಹೊಗೆ ನೋಡಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ

ನಮ್ಮ ಮುದಗಲ್ ಕಡೆ ಈಗ ಜಾತ್ರೆ ಅಂದರೆ ತೇರು, ಬೆಂಡು ಬತ್ತಾಸು ಅಷ್ಟೇ ಅಲ್ಲ. ಟ್ರ್ಯಾಕ್ಟರ್ ಜಗ್ಗಾಟ ಎಲ್ಲೇ ಇರಲಿ, ಹುಡುಗರು ಬೈಕ್ ಹತ್ತಿ ಹೊರಡುತ್ತಾರೆ. ಎರಡು ಟ್ರ್ಯಾಕ್ಟರುಗಳನ್ನು ಹಿಂದಕ್ಕೆ ಹಿಂದ ಕೊಟ್ಟು ಸರಪಳಿ ಕಟ್ಟಿ ಎಳೆಸುವುದು. ಮುಂದಿನ ಗಾಲಿ ಎದ್ದರೆ ಸಿಳ್ಳೆ, ಸೈಲೆನ್ಸರಿನಿಂದ ಕರಿ ಹೊಗೆ ಎದ್ದರೆ ಇನ್ನೂ ಜೋರು ಸಿಳ್ಳೆ.

ನಮ್ಮಣ್ಣನಿಗೂ ಆ ಹುಚ್ಚು ಹಿಡಿಯಿತು. ನಮ್ಮದು ಕಂತಿನ ಮೇಲೆ ತಂದ ಟ್ರ್ಯಾಕ್ಟರ್. ಊರಲ್ಲಿ ಒಣ ಬೇಸಾಯ. ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರು ಕಡೆ ಹೋಗಿ ಭತ್ತದ ಗದ್ದೆಯಲ್ಲಿ ಕೆಸರು ಹೊಡೆದು ಬಂದರೆ ಆ ಬಾಡಿಗೆಯಲ್ಲೇ ಕಂತು ಕಟ್ಟಬೇಕು. ಅಪ್ಪನಿಗೆ ಹೇಳದೆ ಅಣ್ಣ ಒಬ್ಬ ಮಿಸ್ತ್ರಿ ಹತ್ತಿರ ಡೀಸೆಲ್ ಪಂಪಿನ ಸೀಲ್ ಒಡೆಸಿ, ಡೀಸೆಲ್ ಹೆಚ್ಚು ಬರುವಂತೆ ಸ್ಕ್ರೂ ತಿರುಗಿಸಿಕೊಂಡು ಬಂದ. ಸೈಲೆನ್ಸರ್ ತೆಗೆದು ನೆಟ್ಟನೆ ಪೈಪು ಹಾಕಿಸಿದ.

ಗಾಡಿಗೆ ಜೀವ ಬಂದಂತಾಯಿತು, ಅದು ಸುಳ್ಳಲ್ಲ. ಜಗ್ಗಾಟದಲ್ಲಿ ಮೂರನೇ ಬಹುಮಾನವೂ ಬಂತು. ನಾನು ರೀಲ್ ಮಾಡಿ ಹಾಕಿದೆ. ಪತ್ರಿಕೋದ್ಯಮ ಓದಿದವನು ನಾನು. ಹೊಗೆ ಎಷ್ಟು ಚಂದ ಬಂದಿದೆ ಅಂತ ನೋಡಿದೆನೇ ಹೊರತು, ಅದು ಯಾಕೆ ಕರ್ರಗಿದೆ ಅಂತ ಕೇಳಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಡೀಸೆಲ್ ಉರಿಯಬೇಕಾದರೆ ಗಾಳಿ ಬೇಕು. ಪಂಪ್ ಏರಿಸಿದರೆ ಡೀಸೆಲ್ ಹೆಚ್ಚುತ್ತದೆ, ಎಂಜಿನ್ ಒಳಗೆಳೆಯುವ ಗಾಳಿ ಹೆಚ್ಚುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ಲೇ ಕರಿ ಹೊಗೆ. ಅಂದರೆ ನಾವು ದುಡ್ಡು ಕೊಟ್ಟು ಹಾಕಿಸಿದ ಎಣ್ಣೆ ಮಸಿಯಾಗಿ ಹಾರುತ್ತಿತ್ತು. ಉಳಿದ ಡೀಸೆಲ್ ಲೈನರ್ ಗೋಡೆಗೆ ಹತ್ತಿ ಅಲ್ಲಿನ ಆಯಿಲ್ ಪದರವನ್ನು ತೊಳೆಯುತ್ತದೆ, ಕೆಳಗಿಳಿದು ಎಂಜಿನ್ ಆಯಿಲನ್ನೂ ತೆಳ್ಳಗೆ ಮಾಡುತ್ತದೆ. ಪಿಸ್ಟನ್ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ, ಆದರೆ ಅದರ ಬಲ ಅದಕ್ಕೂ ಬಹಳ ಮೊದಲೇ ಕುಗ್ಗುತ್ತದೆ. ಕಾವು ಹೆಚ್ಚಾದರೆ ಪಿಸ್ಟನ್ ಉಬ್ಬಿ ಲೈನರಿನಲ್ಲಿ ಹಿಡಿದುಕೊಳ್ಳುತ್ತದೆ.

ಜಗ್ಗಾಟ ಎರಡು ನಿಮಿಷದ ಆಟ. ಕೆಸರು ಹೊಡೆಯುವುದು ಹಗಲೆಲ್ಲ ದುಡಿತ. ಅಣ್ಣ ಪಂಪನ್ನು ಹಳೇ ಸೆಟ್ಟಿಂಗಿಗೆ ತರದೆ ಹಾಗೇ ಸಿಂಧನೂರಿಗೆ ಒಯ್ದ. ರೇಡಿಯೇಟರ್ ಜಾಲಿಗೆ ಹುಲ್ಲು, ಧೂಳು ಮೆತ್ತಿತ್ತು. ಕಾವಿನ ಮುಳ್ಳು ಮೇಲೇರುತ್ತಿತ್ತಂತೆ. ‘ಇದೊಂದು ಮಡಿ ಮುಗಿಸಿಬಿಡೋಣ’ ಅಂದುಕೊಂಡ. ನಾಲ್ಕನೇ ದಿನ ಮಧ್ಯಾಹ್ನ ಗದ್ದೆ ನಡುವೆ ಟಕ ಟಕ ಸದ್ದು, ಆಮೇಲೆ ಒಂದೇ ಏಟು. ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ಒಡೆದು ಹೊರಗೆ ಬಂದಿತ್ತು. ಆಯಿಲೆಲ್ಲ ಗದ್ದೆ ನೀರಿನ ಮೇಲೆ ತೇಲುತ್ತಿತ್ತು.

ಅಪ್ಪ ಬಯ್ಯಲಿಲ್ಲ. ರಂಧ್ರದೊಳಗೆ ಬೆರಳು ಹಾಕಿ ನೋಡಿ, ‘ಎತ್ತಾಗಿದ್ರ ಬಾಯಿಂದ ಬುರುಗು ಬಂದಾಗರ ನಿಲ್ಲಿಸ್ತಿದ್ರಿ ಅಲ್ಲೋ’ ಅಂದ. ಅಣ್ಣ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಸೀಸನ್ ಪೂರ್ತಿ ಹೋಯಿತು. ಸೀಲ್ ಒಡೆದ ಪಂಪಿಗೆ ಗ್ಯಾರಂಟಿಯೂ ಇಲ್ಲ. ಕಂತಿಗೆ ಅವ್ವನ ಬಂಗಾರ ಅಡವಿಟ್ಟೆವು.

ಇದು ನಮ್ಮ ಟ್ರ್ಯಾಕ್ಟರಿನ ಕತೆ ಮಾತ್ರ ಅಲ್ಲ. ಅಮೆರಿಕದಲ್ಲಿ 1960ರ ದಶಕದಿಂದ ಮಸಲ್ ಕಾರ್ ಅಂತ ದೊಡ್ಡ ಎಂಜಿನ್ನಿನ ಕಾರುಗಳ ಹುಚ್ಚಿದೆ. ಅಲ್ಲೂ ಶಕ್ತಿ ಏರಿಸಲು ಹೋಗಿ ಪಿಸ್ಟನ್, ರಾಡ್, ಬೇರಿಂಗ್ ಕಳೆದುಕೊಂಡವರು ಬಹಳ. ಲೆಕ್ಕ ಎಲ್ಲ ಕಡೆ ಒಂದೇ: ಎಂಜಿನ್ ತಿರುಗುವ ವೇಗ ಒಂದೂವರೆ ಪಟ್ಟಾದರೆ, ಪಿಸ್ಟನ್ ಓಡಾಟದಿಂದ ರಾಡಿನ ಮೇಲೆ ಬೀಳುವ ಎಳೆತ ಎರಡೂಕಾಲು ಪಟ್ಟು. ರೇಸಿನವರು ಶಕ್ತಿ ಏರಿಸುವ ಮೊದಲು ಗಟ್ಟಿ ಪಿಸ್ಟನ್, ಗಟ್ಟಿ ರಾಡ್, ದೊಡ್ಡ ರೇಡಿಯೇಟರ್ ಹಾಕುತ್ತಾರೆ. ನಾವು ಒಂದು ಸ್ಕ್ರೂ ತಿರುಗಿಸಿ ಬಿಡುತ್ತೇವೆ. ಎಂಜಿನ್ ಹೋದರೆ ಸಾಲ, ಜೀವ ಹೋದರೆ? 2023ರಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಸಾಹಸ ಮಾಡುತ್ತಿದ್ದ ಯುವಕ ಅದೇ ಟ್ರ್ಯಾಕ್ಟರಿಗೆ ಸಿಕ್ಕು ಸತ್ತ ಮೇಲೆ ಅಲ್ಲಿನ ಸರ್ಕಾರ ಇಂಥ ಆಟಗಳನ್ನೇ ನಿಷೇಧಿಸಿತು.

ನಿಮ್ಮ ಗಾಡಿ ಭಾರ ಎಳೆಯುವಾಗ ದಟ್ಟ ಕರಿ ಹೊಗೆ ಬಿಡುತ್ತಿದೆಯಾ? ರೇಡಿಯೇಟರ್ ನೀರು ದಿನಾ ಕಡಿಮೆ ಆಗುತ್ತಿದೆಯಾ? ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಹಾಕದೆಯೇ ಏರಿದೆಯಾ, ಇಲ್ಲ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದೆಯಾ? ಹಾಗಿದ್ದರೆ ಇವತ್ತೇ ನಿಲ್ಲಿಸಿ ತೋರಿಸಿ. ನಾಳೆ ಗದ್ದೆ ನಡುವೆ ಅದೇ ನಿಲ್ಲುತ್ತದೆ.

ಈಗ ಗಾಡಿ ಮತ್ತೆ ಓಡುತ್ತಿದೆ, ಪಂಪಿಗೆ ಹೊಸ ಸೀಲ್ ಬಿದ್ದಿದೆ. ಅಣ್ಣ ದಿನಾ ಬೆಳಿಗ್ಗೆ ಚಹಾಕ್ಕಿಂತ ಮೊದಲು ಆಯಿಲ್ ನೋಡುತ್ತಾನೆ. ಆ ರೀಲ್ ನನ್ನ ಫೋನಿನಲ್ಲಿ ಇನ್ನೂ ಇದೆ. ಪಂಪ್ ಏರಿಸಬೇಕು ಅನ್ನುವ ಹುಡುಗರು ಸಿಕ್ಕರೆ ಮೊದಲು ಅದನ್ನು ತೋರಿಸುತ್ತೇನೆ, ಆಮೇಲೆ ಒಡೆದ ಬ್ಲಾಕಿನ ಫೋಟೋ.