ಎರವಲು ಆಟಗಾರ

ಪರರಿಂದ ತಂದುಕೊಳ್ಳುವುದಕ್ಕೆ ನಮ್ಮ ಕನ್ನಡದಲ್ಲಿ ಮೂರು ಮಾತುಗಳಿವೆ. ಹಣ ತಂದರೆ ಅದು ಸಾಲ. ನೆರೆಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಕಡ. ಅಷ್ಟೇ ಅಳತೆಯ ಬೇರೆ ಸಕ್ಕರೆ ಕೊಟ್ಟುಬಿಟ್ಟರೆ ಲೆಕ್ಕ ತೀರಿತು. ಮದುವೆಯ ಅಡಿಗೆಗೆಂದು ದೊಡ್ಡ ಕೊಪ್ಪರಿಗೆ ತಂದರೆ ಎರವಲು. ತಂದ ಪಾತ್ರೆಯನ್ನೇ, ನೆಗ್ಗು ಬೀಳದಂತೆ, ಹಿಂದಕ್ಕೆ ಮುಟ್ಟಿಸಬೇಕು. ಇಂಗ್ಲಿಷಿನವರು ಮೂರಕ್ಕೂ 'ಲೋನ್' ಎಂಬ ಒಂದೇ ಮಾತಿನಲ್ಲಿ ಸುಧಾರಿಸಿಕೊಳ್ಳುತ್ತಾರೆ. ಅಷ್ಟೇ ಅಲ್ಲ, ಅವರ ಫುಟ್‌ಬಾಲ್ ಕ್ಲಬ್ಬುಗಳು ಆ ಮಾತನ್ನು ಮನುಷ್ಯರಿಗೂ ಹಚ್ಚುತ್ತವೆ. ತನಗೆ ಸೇರಿದ ಎಳೆಯ ಆಟಗಾರನನ್ನು ಆರು ತಿಂಗಳಿಗೋ ವರ್ಷಕ್ಕೋ ಇನ್ನೊಂದು ಕ್ಲಬ್ಬಿಗೆ ಕೊಟ್ಟು, ಅವಧಿ ಮುಗಿದೊಡನೆ ಹಿಂದಕ್ಕೆ ಪಡೆಯುವುದು ಅಲ್ಲಿನ ಪದ್ಧತಿ. ಇದು ಸಾಲವೂ ಅಲ್ಲ, ಕಡವೂ ಅಲ್ಲ; ಶುದ್ಧ ಎರವಲು.

ಈಚೆಗೆ ನನ್ನ ಮನಸ್ಸನ್ನು ಹಿಡಿದಿರುವ ಎರವಲು ಆಟಗಾರ ಐರ್ಲೆಂಡಿನವನು. ಗೋಲು ಹೊಡೆಯುವ ಫಾರ್ವರ್ಡ್. ಹೆಸರು ಟ್ರಾಯ್ ಪ್ಯಾರಟ್. ಹೆಸರು ಕೇಳಿ ಗಿಳಿಯ ನೆನಪಾದರೆ ಓದುಗರ ತಪ್ಪಿಲ್ಲ. ಪಂಜರದಿಂದ ಪಂಜರಕ್ಕೆ ಹೋದ ಹಕ್ಕಿಯೇ ಅವನು. ಹುಟ್ಟಿದ್ದು 2002ರ ಫೆಬ್ರವರಿ 4ರಂದು, ಡಬ್ಲಿನ್ ನಗರದ ಉತ್ತರಕ್ಕಿರುವ ಹಳೆಯ ಪೇಟೆಯಲ್ಲಿ. ಬೆಳೆದದ್ದು ಬಕಿಂಗ್‌ಹ್ಯಾಮ್ ಬೀದಿಯ ಸುತ್ತಿನಲ್ಲಿ. ದುಡಿಯುವ ಜನರ ಬೀದಿ ಅದು. ಮಾದಕ ದ್ರವ್ಯಗಳಿಗೆ ಬಲಿಯಾದ ಆ ಪೇಟೆಯ ಮಕ್ಕಳ ನೆನಪಿಗೆಂದು ಅಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದ್ದಾರೆ. ಮೂಲೆಯಲ್ಲಿ ಅಂಥ ಸ್ಮಾರಕವಿರುವ ಬೀದಿಯಲ್ಲಿ ಚೆಂಡು ಒದೆಯುತ್ತ ಬೆಳೆದ ಹುಡುಗನಿಗೆ ಆಟ ಬರಿಯ ಆಟವಾಗಿರಲಾರದು.

ಬೆಲ್ವೆಡಿಯರ್ ಎಂಬ ಸ್ಥಳೀಯ ಕ್ಲಬ್ಬಿನಲ್ಲಿ ಆಡುತ್ತಿದ್ದವನನ್ನು ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ಬು 2017ರಲ್ಲಿ ಕರೆದುಕೊಂಡಿತು. ಆಗ ಅವನಿಗೆ ಹದಿನೈದು ವರ್ಷ. ಹದಿನೈದಕ್ಕೆ ಸಮುದ್ರ ದಾಟುವುದು ಐರಿಷ್ ಹುಡುಗರಿಗೆ ಹೊಸದೇನಲ್ಲ. ಜಾನ್ ಗೈಲ್ಸ್ ಮ್ಯಾಂಚೆಸ್ಟರಿಗೆ ಹೋದದ್ದೂ, ಲಿಯಾಮ್ ಬ್ರೇಡಿ ಆರ್ಸೆನಲ್ ಸೇರಿದ್ದೂ ಆ ವಯಸ್ಸಿನಲ್ಲೇ. ಹೆಸರಾದವರನ್ನು ನಾವು ಬಲ್ಲೆವು. ಒಂದೆರಡು ವರ್ಷ ಅನ್ಯರ ಮನೆಯಲ್ಲಿ ಬಾಡಿಗೆಗಿದ್ದು, ಅಮ್ಮನ ಅಡಿಗೆಯನ್ನು ನೆನೆದು ಅತ್ತು, ಬರಿಗೈಯಲ್ಲಿ ಮರಳಿದವರ ಪಟ್ಟಿಯನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಆ ಹಳೆಯ ದಾರಿ ಈಗ ಮುಚ್ಚಿದೆ. ಬ್ರಿಟನ್ ಯೂರೋಪಿನ ಒಕ್ಕೂಟವನ್ನು ಬಿಟ್ಟ ಮೇಲೆ, 2021ರಿಂದೀಚೆಗೆ, ಹದಿನೆಂಟು ತುಂಬದ ಐರಿಷ್ ಹುಡುಗರನ್ನು ಇಂಗ್ಲಿಷ್ ಕ್ಲಬ್ಬುಗಳು ಸೇರಿಸಿಕೊಳ್ಳುವಂತಿಲ್ಲ. ಹಾಗೆ ನೋಡಿದರೆ ಪ್ಯಾರಟ್ ಆ ದಾರಿಯಲ್ಲಿ ನಡೆದ ಕೊನೆಯ ತಲೆಮಾರಿನವನು.

ಆರಂಭವೇನೋ ಭರ್ಜರಿಯಾಗಿಯೇ ಆಯಿತು. 2019ರ ನವೆಂಬರಿನಲ್ಲಿ, ಹದಿನೇಳರ ಹರೆಯದಲ್ಲಿ, ನ್ಯೂಜಿಲೆಂಡಿನ ಮೇಲೆ ಆಡಿ ದೇಶದ ಅಂಗಿ ತೊಟ್ಟ. ಮರುತಿಂಗಳು ಬರ್ನ್‌ಲಿ ತಂಡವನ್ನು ಟಾಟನ್‌ಹ್ಯಾಮ್ 5-0ರಿಂದ ಸೋಲಿಸಿದ ದಿನ, ಕೊನೆಯ ಐದು ನಿಮಿಷಕ್ಕೆ ಮೈದಾನಕ್ಕಿಳಿದ. ಆಟ ಮುಗಿದ ಮೇಲೆ ತರಬೇತಿಯ ದೊರೆ ಮೊರಿನ್ಯೋ ಆ ದಿನದ ಚೆಂಡನ್ನೇ ತಂದು ಹುಡುಗನ ಕೈಗಿತ್ತರು. ಪತ್ರಿಕೆಗಳು ಅವನಲ್ಲಿ ಮುಂದಿನ ಹ್ಯಾರಿ ಕೇನನನ್ನು ಕಂಡವು. ಮೂರು ತಿಂಗಳು ಕಳೆಯುವುದರೊಳಗೆ, 2020ರ ಮಾರ್ಚ್ 4ರಂದು, ನಾರ್ವಿಚ್ ತಂಡದ ಮೇಲಿನ ಕಪ್ ಪಂದ್ಯ ಪೆನಾಲ್ಟಿಗಳಿಗೆ ಹೋಯಿತು. ಅವನು ಒದೆದ ಚೆಂಡನ್ನು ಗೋಲಿ ತಡೆದ, ತಂಡ ಸೋತಿತು. ಅವನಿಗೆ ಹದಿನೆಂಟು ತುಂಬಿ ಒಂದು ತಿಂಗಳಾಗಿತ್ತು. ಚೆಂಡು ಕೈಗೆ ಬಂದದ್ದೂ ಕಾಲಿನಿಂದ ಜಾರಿದ್ದೂ ಒಂದೇ ಚಳಿಗಾಲದಲ್ಲಿ!

ಅಲ್ಲಿಂದ ಮುಂದೆ ಎರವಲಿನ ಪರ್ವ. 2020ರಲ್ಲಿ ಮಿಲ್‌ವಾಲ್, ಅಲ್ಲಿ ಗೋಲು ಬರಲಿಲ್ಲ. ವರ್ಷದ ನಡುವೆಯೇ ಅಲ್ಲಿಂದ ಎಬ್ಬಿಸಿ, ಒಂದು ಮೆಟ್ಟಿಲು ಕೆಳಗಿದ್ದ ಇಪ್ಸ್‌ವಿಚ್‌ಗೆ ಕಳಿಸಿದರು. ಮರುವರ್ಷ ಮಿಲ್ಟನ್ ಕೀನ್ಸ್. ಅದರ ಮರುವರ್ಷ ಪ್ರೆಸ್ಟನ್. ಅಲ್ಲಿ ತೊಡೆಯ ಹಿಂಬದಿಯ ಸ್ನಾಯು ನೊಂದು ವಾರಗಟ್ಟಲೆ ಕೂರಬೇಕಾಯಿತು. 2023ರಲ್ಲಿ ಸಮುದ್ರ ದಾಟಿ ಹಾಲೆಂಡಿನ ರಾಟರ್‌ಡ್ಯಾಮಿಗೆ, ಎಕ್ಸೆಲ್ಸಿಯರ್ ಎಂಬ ಸಣ್ಣ ಕ್ಲಬ್ಬಿಗೆ. ನಾಲ್ಕು ವರ್ಷ, ಐದು ಮನೆ.

ಈ ಪಟ್ಟಿಯನ್ನು ಓದುವಾಗ ನನ್ನೊಳಗೆ ಏನೋ ಮಿಡಿಯುತ್ತದೆ. ನಾನು ಸರ್ಕಾರಿ ನೌಕರಿಯಲ್ಲಿ ಏಳು ವರ್ಷ 'ಎರವಲು ಸೇವೆ'ಯ ಮೇಲಿದ್ದವನು. ಒಂದು ಇಲಾಖೆಗೆ ಸೇರಿದವನು, ಇನ್ನೊಂದರಲ್ಲಿ ದುಡಿಯುವವನು. ಸೇರಿದ ಇಲಾಖೆಯನ್ನು ಕಡತಗಳಲ್ಲಿ 'ಮಾತೃ ಇಲಾಖೆ' ಎಂದು ಬರೆಯುವುದು ವಾಡಿಕೆ. ಆ ತಾಯಿಗೆ ಮಗುವಿನ ನೆನಪಾಗುವುದು ವರ್ಷಕ್ಕೊಮ್ಮೆ ಗುಪ್ತ ವರದಿ ಬರೆಯುವಾಗ ಮಾತ್ರ. ದುಡಿಸಿಕೊಳ್ಳುವವರು ಚೆನ್ನಾಗಿಯೇ ದುಡಿಸಿಕೊಳ್ಳುತ್ತಿದ್ದರು. ಬಡ್ತಿಯ ಮಾತೆತ್ತಿದರೆ, "ನೀವು ನಮ್ಮವರಲ್ಲವಲ್ಲ ಸ್ವಾಮಿ" ಎಂದು ನಗುತ್ತಿದ್ದರು. ಒಂದು ಕಛೇರಿಯಲ್ಲಂತೂ ನನಗೆ ಬೀರುವಿನ ಬೀಗದ ಕೈಯನ್ನೇ ಕೊಡಲಿಲ್ಲ. ಇಂದೋ ನಾಳೆಯೋ ಹೋಗುವವನಿಗೆ ಅದೇಕೆ ಎಂಬುದು ಅಲ್ಲಿನವರ ನ್ಯಾಯ. ಯಾರೂ ಕೆಟ್ಟವರಲ್ಲ. ಆದರೆ ಎರವಲು ತಂದ ಪಾತ್ರೆಗೆ ಕಲಾಯಿ ಹಾಕಿಸುವವರು ಲೋಕದಲ್ಲಿಲ್ಲ. ಅದರಲ್ಲಿ ಅಡಿಗೆ ಮಾಡುತ್ತಾರೆ, ತೊಳೆಯುತ್ತಾರೆ, ಹಿಂದಕ್ಕೆ ಕಳಿಸುತ್ತಾರೆ. ಎಳೆಯ ಆಟಗಾರನಿಗೆ ಬೇಕಾಗುವುದು ಕಲಾಯಿಯೇ: ಎರಡು ಆಟ ಕೆಟ್ಟರೂ ಮೂರನೆಯದಕ್ಕೆ ಇಳಿಸುವ ತಾಳ್ಮೆ. ವರ್ಷದ ಕೊನೆಗೆ ಹೊರಟುಹೋಗುವವನ ಮೇಲೆ ಆ ತಾಳ್ಮೆಯನ್ನು ಯಾರು ಖರ್ಚು ಮಾಡುತ್ತಾರೆ?

ಹಾಗೆಂದು ಪದ್ಧತಿಯನ್ನೇ ಹಳಿಯುವುದು ನ್ಯಾಯವಲ್ಲ. ಪ್ಯಾರಟ್ ಯಾರಂತೆ ಆಗಬೇಕೆಂದು ಹಾರೈಸಿದ್ದರೋ ಆ ಹ್ಯಾರಿ ಕೇನ್ ಕೂಡ ಎರವಲು ತಿರುಗಿದವನೇ. ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್ ಎಂದು ನಾಲ್ಕು ಮನೆ ಸುತ್ತಿ ಬಂದೇ ಅವನು ಟಾಟನ್‌ಹ್ಯಾಮಿನ ಕಣ್ಮಣಿಯಾದ. ಆದರೆ ಅವನು ಮರಳಿ ಬಂದಾಗ ಅವನಿಗೊಂದು ಜಾಗ ದೊರೆಯಿತು. ಪ್ಯಾರಟ್ ಒಂದೊಂದು ಬೇಸಿಗೆ ಮರಳಿ ಬಂದಾಗಲೂ ಆ ಜಾಗದಲ್ಲಿ ಸ್ವತಃ ಕೇನನೇ ನಿಂತಿದ್ದ. 2023ರಲ್ಲಿ ಕೇನ್ ಜರ್ಮನಿಗೆ ಹೊರಟುಹೋದ. ಆದರೆ ಆ ವರ್ಷವೂ ಇವನ ಪೆಟ್ಟಿಗೆ ಕಟ್ಟಿಯೇ ಇತ್ತು.

ನನಗೆ ಈ ಆಟದ ಹುಚ್ಚು ಹತ್ತಿಸಿದವನು ನನ್ನ ಅಕ್ಕನ ಮಗ. ಪ್ಯಾರಟ್ ರಾಟರ್‌ಡ್ಯಾಮಿಗೆ ಹೋದ ಸುದ್ದಿ ಬಂದಾಗ, "ಅವನ ಕಥೆ ಮುಗೀತು ಬಿಡಿ ಮಾವ" ಎಂದ. ಅವನೊಬ್ಬನೇ ಏನು, ಲಂಡನ್ನಿನಲ್ಲಿ ಅವನನ್ನು ನೆನೆಯುವವರೇ ಕಡಿಮೆಯಾಗಿದ್ದರು. ಹುಡುಗನಿಗೆ ಆಗ ಇಪ್ಪತ್ತೊಂದು.

ಎಕ್ಸೆಲ್ಸಿಯರ್ ಆ ವರ್ಷ ಕೊನೆಯ ಮೆಟ್ಟಿಲಲ್ಲಿ ಜಾರಿ ಕೆಳಗಿನ ದರ್ಜೆಗೆ ಬಿತ್ತು. ಆದರೆ ಮುಳುಗುವ ದೋಣಿಯಲ್ಲಿ ನಿಂತೇ ಇವನು ಗೋಲು ಹೊಡೆಯುತ್ತ ಹೋದ. ಅದನ್ನು ಕಂಡು 2024ರ ಜುಲೈನಲ್ಲಿ ಆಲ್ಕ್‌ಮಾರ್ ಊರಿನ ಎಜ಼ಡ್ ಕ್ಲಬ್ಬು ಅವನನ್ನು ಕೊಂಡುಕೊಂಡಿತು. ಎರವಲಲ್ಲ, ಕ್ರಯ! ಬಾಗಿಲ ಮೇಲೆ ಅವನ ಹೆಸರಿನ ಹಲಗೆ ಬಿತ್ತು. ಸೆಪ್ಟೆಂಬರಿನಲ್ಲಿ ಹೀರನ್‌ವೀನ್ ತಂಡದ ಮೇಲೆ 9-1ರಿಂದ ಗೆದ್ದಾಗ ನಾಲ್ಕು ಗೋಲು ಅವನವೇ. ಕಾಲು ಅದೇ, ಚೆಂಡು ಅದೇ, ಬದಲಾದದ್ದು ವಿಳಾಸ. ಬಲ್ಲವರು ಇದಕ್ಕೆ ಹಾಲೆಂಡಿನ ಆಟದ ರೀತಿ, ಅನುಭವ, ವಯಸ್ಸು ಎಂದು ಬೇರೆ ಬೇರೆ ಕಾರಣ ಕೊಡಬಹುದು. ಬೀರುವಿನ ಬೀಗದ ಕೈ ಸಿಕ್ಕಿತು ಎಂಬುದು ನನ್ನ ವ್ಯಾಖ್ಯಾನ.

ಇನ್ನು ಆ ನವೆಂಬರ್. ಐರ್ಲೆಂಡ್ ವಿಶ್ವಕಪ್ಪಿನಲ್ಲಿ ಆಡಿದ್ದು 2002ರಲ್ಲಿ, ಪ್ಯಾರಟ್ ನಾಲ್ಕು ತಿಂಗಳ ಕೂಸಾಗಿದ್ದಾಗ. ಆಮೇಲಿನ ಐದು ಕೂಟಗಳೂ ಅದಿಲ್ಲದೆಯೇ ನಡೆದಿದ್ದವು. 2025ರ ನವೆಂಬರ್ 13ರಂದು ಡಬ್ಲಿನ್ನಿನಲ್ಲಿ ಪೋರ್ಚುಗಲ್ ಎದುರು ನಿಂತಿತ್ತು. ಪ್ಯಾರಟ್ ಎರಡು ಗೋಲು ಹೊಡೆದ. ರೊನಾಲ್ಡೊ ಕೆಂಪು ಚೀಟಿ ಪಡೆದು ಹೊರನಡೆದ. ಐರ್ಲೆಂಡ್ 2-0ರಿಂದ ಗೆದ್ದಿತು. ಮೂರು ದಿನ ಕಳೆದು, ಭಾನುವಾರ, ಬುಡಾಪೆಸ್ಟಿನಲ್ಲಿ ಹಂಗೇರಿ. ಮುಂದಿನ ಸುತ್ತಿಗೆ ಹೋಗಲು ಹಂಗೇರಿಗೆ ಸಮಬಲ ಸಾಕು. ಐರ್ಲೆಂಡಿಗೆ ಗೆಲುವೇ ಬೇಕು.

ನಮ್ಮ ಕಡೆ ಅದು ರಾತ್ರಿಯ ಊಟದ ಹೊತ್ತು. ಅನ್ನ ಸಾರು ಆರುತ್ತಿದ್ದರೂ ನಾನೂ ಅಕ್ಕನ ಮಗನೂ ಟೆಲಿವಿಷನ್ ಮುಂದಿನಿಂದ ಏಳಲಿಲ್ಲ. ಮೂರನೆಯ ನಿಮಿಷಕ್ಕೇ ಹಂಗೇರಿ ಗೋಲು ಹೊಡೆಯಿತು. ಹದಿನೈದನೆಯ ನಿಮಿಷದಲ್ಲಿ ಐರ್ಲೆಂಡಿಗೆ ಪೆನಾಲ್ಟಿ. ಚೆಂಡನ್ನು ಇಟ್ಟು ಹಿಂದೆ ಸರಿದವನು ಪ್ಯಾರಟ್. ಹದಿನೆಂಟನೆಯ ವಯಸ್ಸಿನ ಆ ನಾರ್ವಿಚ್ ರಾತ್ರಿ ಅವನಿಗೆ ನೆನಪಾಯಿತೋ ಇಲ್ಲವೋ; ನನಗಂತೂ ಆಯಿತು. ಈ ಸಲ ಗೋಲಾಯಿತು. ಹಂಗೇರಿ ಮತ್ತೆ ಮುಂದೆ ಹೋಯಿತು. ಎಂಬತ್ತನೆಯ ನಿಮಿಷದಲ್ಲಿ ಮುನ್ನುಗ್ಗಿ ಬಂದ ಗೋಲಿಯ ಮೇಲಿನಿಂದ ಪ್ಯಾರಟ್ ಚೆಂಡನ್ನು ಮೆಲ್ಲಗೆ ಎತ್ತಿಹಾಕಿ ಸಮ ಮಾಡಿದ. ತೊಂಬತ್ತು ನಿಮಿಷ ಕಳೆದು ಆರನೆಯ ನಿಮಿಷ. ಐರಿಷ್ ಗೋಲಿ ಕೆಲ್ಲೆಹರ್ ಆಕಾಶಕ್ಕೊಂದು ಚೆಂಡನ್ನು ಒದೆದ. ಸ್ಕೇಲ್ಸ್ ಅದನ್ನು ತಲೆಯಿಂದ ತಳ್ಳಿದ. ಪ್ಯಾರಟ್ ಎಲ್ಲರಿಗಿಂತ ಮೊದಲು ಕಾಲು ಚಾಚಿ, ಬೆರಳ ತುದಿಯಿಂದ ಒಳಕ್ಕೆ ನೂಕಿದ. 3-2. ಮೂರೂ ಅವನವೇ.

ಆಮೇಲೆ ಮಾತನಾಡಲು ನಿಲ್ಲಿಸಿದರೆ ಅವನಿಗೆ ಮಾತು ಹೊರಡಲಿಲ್ಲ, ಅಳುತ್ತಿದ್ದ. ಜೀವನದಲ್ಲಿ ಇದಕ್ಕಿಂತ ಒಳ್ಳೆಯ ರಾತ್ರಿ ತನಗೆ ಬರಲಾರದು ಎಂಬರ್ಥದ ಮಾತನ್ನಾಡಿದ. ಆ ರಾತ್ರಿ ದೊರೆತದ್ದು ವಿಶ್ವಕಪ್ಪಲ್ಲ; ಅದರ ಬಾಗಿಲು ತಟ್ಟುವ ಹಕ್ಕು, ಪ್ಲೇ-ಆಫ್ ಆಡುವ ಅವಕಾಶ ಮಾತ್ರ. ಇಪ್ಪತ್ತಮೂರು ವರ್ಷ ಬಾಗಿಲ ಹೊರಗೇ ನಿಂತಿದ್ದ ದೇಶಕ್ಕೆ ಅದೇನು ಕಡಿಮೆಯೇ?

ಅಂದು ಐರ್ಲೆಂಡಿನ ತಂಡದಲ್ಲಿ ಇನ್ನೊಬ್ಬ ಫಾರ್ವರ್ಡ್ ಇರಬೇಕಾಗಿತ್ತು, ಎವನ್ ಫರ್ಗಸನ್. ಗಾಯದಿಂದ ಕುಳಿತಿದ್ದ. ಅವನೂ ಹದಿನೆಂಟಕ್ಕೇ ಹೊಳೆದವನು; 2023ರ ಸೆಪ್ಟೆಂಬರಿನಲ್ಲಿ ಬ್ರೈಟನ್ ಪರವಾಗಿ ನ್ಯೂಕ್ಯಾಸಲ್ ಮೇಲೆ ಒಂದೇ ಆಟದಲ್ಲಿ ಮೂರು ಗೋಲು ಹೊಡೆದಿದ್ದ. 2025ರಲ್ಲಿ ಅವನಿಗೂ ಎರವಲಿನ ದಾರಿ ಹಿಡಿಯಿತು: ಮೊದಲು ವೆಸ್ಟ್ ಹ್ಯಾಮ್, ಆಮೇಲೆ ರೋಮ್.

ಆರಿದ ಸಾರನ್ನು ಮತ್ತೆ ಬಿಸಿ ಮಾಡಿಸಿಕೊಂಡು ಊಟಕ್ಕೆ ಕುಳಿತಾಗ ಅಕ್ಕನ ಮಗ ಫರ್ಗಸನ್ನಿನ ಮಾತೆತ್ತಿದ. "ಅವನದು ಮುಗೀತು ಅನ್ಸುತ್ತೆ ಮಾವ. ವೆಸ್ಟ್ ಹ್ಯಾಮಿನಲ್ಲಿ ಒಂದು ಗೋಲೂ ಬರಲಿಲ್ಲ."

"ವಯಸ್ಸೆಷ್ಟಪ್ಪ ಅವನಿಗೆ?" ಎಂದೆ.

"ಮೊನ್ನೆ ಅಕ್ಟೋಬರಿಗೆ ಇಪ್ಪತ್ತೊಂದು."

"ಇಪ್ಪತ್ತೊಂದಕ್ಕೆ ನನಗಿನ್ನೂ ಹಂಗಾಮಿ ಆರ್ಡರೂ ಬಂದಿರಲಿಲ್ಲ. ನೀನು ಸಾರು ಹಾಕಿಸಿಕೋ" ಎಂದೆ.