ಗಣಿಗಿಳಿದ ಕಾಲುಗಳಿಗೆ ಕುಂಟೆಬಿಲ್ಲೆ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳು ಒಂದೊಂದಾಗಿ ಎದುರಾಗುತ್ತವೆ. ಇದೇ ಹಳಿಯ ಮೇಲೆ ಕೋಲಾರ ಚಿನ್ನದ ಗಣಿಯ ಎಷ್ಟೋ ಮಂದಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಹಗಲೆಲ್ಲ ಲೈನ್ ಮನೆಗಳಲ್ಲಿ ಉಳಿಯುವವರು ಹಿರಿಯರು.

ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿ ದುಡಿದವರಿಗೆ ಕತ್ತಲಲ್ಲಿ ಹೆಜ್ಜೆಯೂರುವುದು ನಿತ್ಯದ ಮಾತಾಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನ ಕಾರ್ಮಿಕರು ಇಂದು ಅಜ್ಜಂದಿರು. ಪಾತಾಳಕ್ಕಿಳಿದು ಬಂದವರಿಗೆ ಈಗ ಬಚ್ಚಲುಮನೆಯ ಒದ್ದೆ ನೆಲವೇ ಭಯ! ಒಮ್ಮೆ ಜಾರಿಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿಯಾಗಬಹುದು.

ನಾವು ಬೀಳದಂತೆ ಕಾಯುವುವು ಮೂರು: ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಮಿದುಳಿಗೆ ಹೋಗುವ ಸುದ್ದಿ. ವಯಸ್ಸಾದಂತೆ ಮೂರೂ ಮಂಕಾಗುತ್ತವೆ, ಅಭ್ಯಾಸದಿಂದ ಚುರುಕಾಗುತ್ತವೆ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು.

ಇದಕ್ಕೆ ದುಬಾರಿ ಸಲಕರಣೆ ಬೇಡ. ಮೊಮ್ಮಕ್ಕಳ ಸೀಮೆಸುಣ್ಣ ಸಾಕು. ಗೋಡೆಯ ಪಕ್ಕ ಕುಂಟೆಬಿಲ್ಲೆಯ ಮನೆ ಬರೆಯಿರಿ. ಮಕ್ಕಳು ಕುಂಟಲಿ, ತಾತ ಗೋಡೆ ಹಿಡಿದು ಒಂದೊಂದೇ ಮನೆಗೆ ಹೆಜ್ಜೆಯಿಡಲಿ. ಅಜ್ಜಿ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲಿ. ಗಣಿ ದೂಳಿನಿಂದ ಎದೆ ಕೆಟ್ಟವರು, ತಲೆ ಸುತ್ತುವವರು ಮೊದಲು ವೈದ್ಯರನ್ನು ಕೇಳಲಿ.

ಶಾಲೆ ಬಿಟ್ಟು ಬಂದ ಮಕ್ಕಳೇ, ಇಂದು ಸಂಜೆ ಆಟಕ್ಕೆ ತಾತನನ್ನೂ ಕರೆಯಿರಿ. ಪಕ್ಕದಲ್ಲಿ ನಿಮ್ಮ ಕೈಯಿರಲಿ.